ಹಡಗಿನಲ್ಲಿ ನಾಲ್ಕು ದಿನ

ಕಲ್ಕತ್ತೆಗೆ ಬಂದು ಹತ್ತು ಹನ್ನೆರಡು ವರ್ಷವಾದರೂ ಕಲ್ಕತ್ತೆಯ ಬಂದರನ್ನು ನೋಡದವರು ನಮ್ಮ ಸಂಘದಲ್ಲಿ ಅನೇಕರಿದ್ದಾರೆ. ಹೌರಾ ಸೇತುವೆಯನ್ನು ಎಲ್ಲರೂ ಬಲ್ಲರು. ಕಾಳೀಘಾಟಿಗೂ ದಕ್ಷಿಣೇಶ್ವರಕ್ಕೂ ಊರಿನ ನೆಂಟರನ್ನು ಕರೆದುಕೊಂಡು ಹೋಗಿ ಹೋಗಿ ಎಲ್ಲರ ಕಾಲೂ ಸವೆದಿದೆ. ಆದರೆ ಖಿದಿರ್‌ಪುರದ ಉದ್ದನೆಯ ಗೋಡೆಯ ಆಚೆಗೆ, ಸಾವಿರ ಜನರನ್ನು ಹೊತ್ತು ಸಮುದ್ರಕ್ಕೆ ಇಳಿಯುವ ಹಡಗು ಬಂದು ನಿಲ್ಲುವುದುಂಟೆಂದು ಯಾರೂ ಯೋಚಿಸುವುದಿಲ್ಲ. ನಾವೂ ಯೋಚಿಸಿದವರಲ್ಲ. 2018ರ ಡಿಸೆಂಬರಿನಲ್ಲಿ ನಮಗೆ ಆ ಗೋಡೆಯ ಆಚೆಗೆ ಹೋಗುವ ಯೋಗ ಬಂತು.

ಅಂಡಮಾನಿಗೆ ಹೋಗುವುದೆಂದು ನಿಶ್ಚಯವಾದಾಗ ಕಚೇರಿಯ ಮಿತ್ರರೆಲ್ಲ, “ವಿಮಾನದಲ್ಲಿ ಎರಡು ಗಂಟೆಯ ದಾರಿ, ಹಡಗಿನಲ್ಲಿ ಹೋಗಿ ಮೂರು ನಾಲ್ಕು ದಿನ ಕಳೆಯುವಿರಾ?” ಎಂದು ನಕ್ಕರು. ನಮಗೆ ಹಡಗೇ ಬೇಕೆಂದು ಹಟ ಹಿಡಿದವನು ಏಳು ವರ್ಷದ ನಮ್ಮ ಮಗ. ಬೇಡವೇ ಬೇಡವೆಂದು ಹಟ ಹಿಡಿದವರು ನಮ್ಮ ಅಮ್ಮ. “ಸಮುದ್ರ ದಾಟಬಾರದು ಅಂತ ನಿಮ್ಮ ತಾತ ಹೇಳ್ತಿದ್ರು” ಎಂದರು. “ಅಂಡಮಾನೂ ನಮ್ಮ ದೇಶವೇ ಅಮ್ಮ” ಎಂದರೆ, “ದೇಶ ನಮ್ಮದಾದ್ರೇನು, ಮಧ್ಯೆ ಇರೋ ನೀರು ಯಾರದು?” ಎಂದು ಕೇಳಿದರು. ಉತ್ತರ ಹೊಳೆಯಲಿಲ್ಲ. ಒಬ್ಬರೇ ಮನೆಯಲ್ಲಿ ಇರಲಾರದೆ ಕೊನೆಗೆ ಹೊರಟರು.

ಅಮ್ಮನ ಸಂಗತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ತಿಪಟೂರಿನ ಕಡೆಯ ಹಳ್ಳಿಯಿಂದ ಅವರನ್ನು ಕರೆತಂದು ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಇರಿಸಿಕೊಂಡು ಆಗ ಎರಡು ವರ್ಷವಾಗಿತ್ತು. ಊರಿನಲ್ಲಿ ಬೆಳಗಿನಿಂದ ಬೈಗಿನವರೆಗೆ ಹತ್ತು ಮನೆಯ ಕಷ್ಟಸುಖ ವಿಚಾರಿಸುತ್ತಿದ್ದವರಿಗೆ ಇಲ್ಲಿ ಮಾತೇ ನಿಂತುಹೋಯಿತು. ಮೊಮ್ಮಗನಾದರೂ ಮಾತಾಡುವನೆಂದರೆ, ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಅವನು ಅರ್ಧ ಬಂಗಾಳಿ, ಅರ್ಧ ಹಿಂದಿಯಲ್ಲಿ ಉತ್ತರ ಕೊಟ್ಟು ಆಟಕ್ಕೆ ಓಡುವನು. ಒಂದು ಲೋಟ ನೀರನ್ನೂ ಅವರು ತಾವೇ ತೆಗೆದುಕೊಳ್ಳದಂತೆ ನಾವು ನೋಡಿಕೊಳ್ಳುತ್ತಿದ್ದೆವು. ಅದೇ ಸೇವೆಯೆಂದು ತಿಳಿದಿದ್ದೆವು. ಅವರು ದಿನದಿನಕ್ಕೆ ಮೌನವಾದರು. ಚಳಿಗಾಲ ಕಳೆದ ಮೇಲೆ ಊರಿನಲ್ಲಿ ಅಣ್ಣನ ಮನೆಗೇ ಬಿಟ್ಟುಬರುವುದೆಂದು ನಾವಿಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ದೆವು.

ಹಡಗು ಹತ್ತಿದ್ದು ಸಂಜೆ. ಕಲ್ಕತ್ತೆಯಿಂದ ಪೋರ್ಟ್ ಬ್ಲೇರಿಗೆ ಬಹುಕಾಲ ಓಡಾಡಿದ ದೊಡ್ಡ ಹಡಗುಗಳಲ್ಲಿ ‘ನಿಕೋಬಾರ್’, ‘ನಾನ್‌ಕೌರಿ’ ಎಂಬೆರಡು ಪೋಲೆಂಡ್ ದೇಶದಲ್ಲಿ ಕಟ್ಟಿದವು; ‘ಸ್ವರಾಜ್ ದ್ವೀಪ್’ ಎಂಬುದು ನಮ್ಮ ವಿಶಾಖಪಟ್ಟಣದಲ್ಲಿಯೇ ಕಟ್ಟಿದ್ದು. ಒಂದೊಂದೂ ಸುಮಾರು 1200 ಪ್ರಯಾಣಿಕರನ್ನು ಹಿಡಿಯುವಂಥದು. ಹೊರಗಿನಿಂದ ನೋಡಿದರೆ ಐದಾರು ಅಂತಸ್ತಿನ ಬಿಳಿಯ ಕಟ್ಟಡವನ್ನು ನೀರಿನ ಮೇಲೆ ಇಟ್ಟಂತಿತ್ತು. ಮೇಲೆ ಹಣವಂತರಿಗೆ ಕ್ಯಾಬಿನ್ನುಗಳು. ಅದರ ಕೆಳಗೆ ನಾಲ್ಕು ಆರು ಜನ ಮಲಗುವ ಕೋಣೆಗಳು. ಎಲ್ಲಕ್ಕಿಂತ ಕೆಳಗೆ ಬಂಕ್ ಕ್ಲಾಸು. ಅಲ್ಲಿ ವಿಶಾಲವಾದ ಹಜಾರಗಳಲ್ಲಿ ರೈಲಿನ ಹಾಗೆ ಒಂದರ ಮೇಲೊಂದು ಮಲಗುವ ಹಲಗೆಗಳು, ಸಾಲುಸಾಲಾಗಿ. ನಮ್ಮ ಚೀಟಿ ಬಂಕಿನದು. ದ್ವೀಪದ ನಿವಾಸಿಗಳಿಗೆ ಸರ್ಕಾರ ಇನ್ನೂ ಕಡಿಮೆ ದರ ಇರಿಸಿರುವುದರಿಂದ ಅಲ್ಲಿ ಹೆಚ್ಚಿನವರು ಅವರೇ. ಗೋಣಿಚೀಲ, ಕಬ್ಬಿಣದ ಪೆಟ್ಟಿಗೆ, ಹೊಲಿಗೆ ಯಂತ್ರ, ಬುಟ್ಟಿಯಲ್ಲಿ ಗಿಡ. ಒಂದು ಊರೇ ಮನೆ ಬದಲಾಯಿಸುತ್ತಿರುವಂತೆ ಕಂಡಿತು.

ಅಮ್ಮನಿಗೆ ಕೆಳಗಿನ ಹಲಗೆ ಸಿಕ್ಕಿತು. ಎದುರಿನ ಹಲಗೆಯಲ್ಲಿ ಅವರದೇ ವಯಸ್ಸಿನ, ಬಿಳಿಯ ಸೀರೆ ಉಟ್ಟ ಬಂಗಾಳಿ ಅಜ್ಜಿಯೊಬ್ಬರು ಕುಳಿತಿದ್ದರು. ನಮ್ಮ ಹುಡುಗ ಅವರನ್ನು ‘ದಿದಾ’ ಎಂದ. ನಾವು ‘ಮಾಶೀಮಾ’ ಎಂದೆವು. ಅಮ್ಮ ಮಾತ್ರ ಗೋಡೆಯ ಕಡೆಗೆ ತಿರುಗಿ ಮಲಗಿಬಿಟ್ಟರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಹಡಗು ಕದಲಿತು. ಕಲ್ಕತ್ತೆಯ ಬಂದರು ಸಮುದ್ರದ ಬಂದರಲ್ಲ, ನದಿಯ ಬಂದರು. ಸಮುದ್ರದ ಬಾಯಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ಒಳಗಿದೆ. ಹೂಗ್ಲಿಯಲ್ಲಿ ಸಮುದ್ರದ ಉಬ್ಬರವಿಳಿತ ಇಲ್ಲಿಯವರೆಗೂ ಬರುತ್ತದೆ. ನದಿಯ ನೀರು ಎಷ್ಟೇ ಏರಿಳಿದರೂ ಒಳಗಿನ ಹಡಗುಗಳು ತೇಲುತ್ತಲೇ ಇರಬೇಕೆಂದು ಡಾಕಿನ ಕೊಳಕ್ಕೂ ನದಿಗೂ ನಡುವೆ ದೊಡ್ಡ ಬಾಗಿಲುಗಳ ತೊಟ್ಟಿಯೊಂದನ್ನು ಕಟ್ಟಿದ್ದಾರೆ. ಹಡಗು ಆ ತೊಟ್ಟಿಯೊಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರನ್ನು ನದಿಯ ಮಟ್ಟಕ್ಕೆ ಸರಿಮಾಡಿ, ಮುಂದಿನ ಬಾಗಿಲು ತೆರೆಯುತ್ತಾರೆ. 1892ರಲ್ಲಿ ತೆರೆದ ಖಿದಿರ್‌ಪುರ ಡಾಕಿನಲ್ಲಿ ಈ ಕೆಲಸ ಇಂದಿಗೂ ನಡೆದಿದೆ. ನಮ್ಮ ಹುಡುಗ ಎರಡೂ ಕಡೆಯ ಗೋಡೆಯನ್ನು ನೋಡುತ್ತ, “ಹಡಗಿಗೆ ಸ್ನಾನ ಮಾಡಿಸ್ತಾ ಇದಾರೆ” ಎಂದ.

ಆ ದಿನವೆಲ್ಲ ನದಿಯ ಪ್ರಯಾಣ. ವಿಮಾನದಲ್ಲಿ ಹೋದವರಿಗೆ ಈ ದಿನ ಸಿಕ್ಕುವುದಿಲ್ಲ. ನಮ್ಮ ಮಟ್ಟಿಗೆ ಇದೇ ಅರ್ಧ ಯಾತ್ರೆ. ಎಡದಂಡೆಯಲ್ಲಿ ಗಾರ್ಡನ್ ರೀಚ್, ಮೆಟಿಯಾಬ್ರೂಜ್. 1856ರಲ್ಲಿ ರಾಜ್ಯ ಕಳೆದುಕೊಂಡು ಬಂದ ಲಖನೌದ ನವಾಬ ವಾಜಿದ್ ಅಲಿ ಷಾ ತನ್ನ ಕೊನೆಯವರೆಗೂ ಇದ್ದದ್ದು ಇಲ್ಲಿ. ಬಲದಂಡೆಯಲ್ಲಿ 1787ರಲ್ಲಿ ಆರಂಭವಾದ ಸಸ್ಯೋದ್ಯಾನದ ದಟ್ಟ ಹಸಿರು. ಇದೇ ದಂಡೆಗಳಿಂದಲೇ ಬಿಹಾರದ, ಉತ್ತರ ದೇಶದ ಬಡ ಕೂಲಿಗಳನ್ನು ಹಡಗು ತುಂಬಿ ಮಾರಿಷಸ್, ಗಯಾನ, ಫಿಜಿಗಳ ಕಬ್ಬಿನ ತೋಟಗಳಿಗೆ ಸಾಗಿಸಿದರು. ಸುರಿನಾಮಿಗೆ ಮೊದಲ ಹಡಗು ‘ಲಲ್ಲಾ ರೂಖ್’ ಇಲ್ಲಿಂದ ಹೊರಟದ್ದು 1873ರ ಫೆಬ್ರವರಿಯಲ್ಲಿ. ಅಲ್ಲಿ ಮುಟ್ಟಿದ್ದು ಜೂನ್ ತಿಂಗಳಲ್ಲಿ. ಮೂರು ಹಗಲು ಮೂರು ರಾತ್ರಿಗೆ ನಾವು ಇಷ್ಟು ಗೊಣಗುತ್ತಿದ್ದೆವಲ್ಲ ಎಂದು ನಾಚಿಕೆಯಾಯಿತು.

ಮುಂದೆ ಬಜ್‌ಬಜ್. ವಿದೇಶದಲ್ಲಿ ಹೆಸರು ಪಡೆದ ವಿವೇಕಾನಂದರು 1897ರ ಫೆಬ್ರವರಿಯಲ್ಲಿ ಹಡಗಿನಿಂದ ಇಳಿದದ್ದು ಇಲ್ಲಿ. ಕೆನಡ ದೇಶ ಒಳಗೆ ಬಿಡದೆ ಹಿಂದಕ್ಕಟ್ಟಿದ ‘ಕೊಮಗಾಟ ಮಾರು’ ಹಡಗಿನವರು 1914ರ ಸೆಪ್ಟೆಂಬರಿನಲ್ಲಿ ಬಂದು ನಿಂತದ್ದೂ, ಅವರಲ್ಲಿ ಹಲವರು ಗುಂಡಿಗೆ ಬಲಿಯಾದದ್ದೂ ಇಲ್ಲಿಯೇ. ಇನ್ನೂ ಕೆಳಗೆ ರೂಪನಾರಾಯಣ ನದಿ ಬಂದು ಸೇರುವ ಕಡೆ ನೀರಿನಡಿಯಲ್ಲಿ ‘ಜೇಮ್ಸ್ ಅಂಡ್ ಮೇರಿ’ ಎಂಬ ಮರಳದಿಬ್ಬ ಅಡಗಿದೆ. 1694ರಲ್ಲಿ ಅಲ್ಲಿ ಸಿಕ್ಕಿ ಮುಳುಗಿದ ಹಡಗಿನ ಹೆಸರೇ ದಿಬ್ಬಕ್ಕೂ ನಿಂತಿತು. ಮರಳು ಜಾಗ ಬದಲಾಯಿಸುವ ಈ ನದಿಯಲ್ಲಿ ಎಂಥ ಅನುಭವಿ ಕಪ್ತಾನನಾದರೂ ತಾನೇ ಹಡಗು ನಡೆಸುವ ಹಾಗಿಲ್ಲ. ನದಿಯನ್ನೇ ಓದಿ ಕಲಿತ ಪೈಲಟ್ ಒಬ್ಬರು ಪಕ್ಕದಲ್ಲಿ ನಿಂತು ದಾರಿ ಹೇಳಬೇಕು. ಸಮುದ್ರದ ಬಾಯಲ್ಲಿ ಅವರು ದೋಣಿಗೆ ಇಳಿದು ಹೊರಟುಹೋಗುತ್ತಾರೆ. ಮದುವೆಯ ಹೆಣ್ಣನ್ನು ಊರಬಾಗಿಲವರೆಗೆ ಕಳಿಸಿಕೊಡುವ ಸೋದರಮಾವನ ಹಾಗೆ!

ಹತ್ತು ಗಂಟೆಯ ಹೊತ್ತಿಗೆ ಮೇಲಟ್ಟದ ಬಿಸಿಲಿನಲ್ಲಿ ಮಾಶೀಮಾ ಒಂದು ಡಬ್ಬಿ ತೆರೆದು ಅಮ್ಮನ ಮುಂದೆ ಹಿಡಿದರು. ಬಂಗಾಳಿಗಳ ಡಬ್ಬಿ ಎಂದರೆ ಮೀನೇ ಇರಬೇಕೆಂದು ಅಮ್ಮ ಮುಖ ಹಿಂದಕ್ಕೆಳೆದರು. ಹುಡುಗ ಇಣುಕಿ ನೋಡಿ “ಮುಡಿ, ಅಜ್ಜಿ” ಎಂದ. ಅಮ್ಮ ಬಗ್ಗಿ ನೋಡಿದರು. “ಇದು ನಮ್ಮ ಕಡ್ಲೆಪುರಿ ಅಲ್ವೇನೋ!” ಎಂದರು. ಪುರಿಯ ಜೊತೆಗೆ ಖರ್ಜೂರದ ಮರದ ರಸದಿಂದ ಮಾಡಿದ ಹೊಸ ಬೆಲ್ಲದ ಉಂಡೆ. ಚಳಿಗಾಲದಲ್ಲಿ ಬಂಗಾಳದವರು ಹಬ್ಬದಂತೆ ಕಾಯುವ ನೊಲೆನ್ ಗುಡ್. ಅಮ್ಮನೂ ತಮ್ಮ ಗಂಟು ಬಿಚ್ಚಿ ಕೊಬ್ಬರಿ ಚಟ್ನಿಪುಡಿಯನ್ನು ಪುರಿಗೆ ಕಲಸಿ ಕೊಟ್ಟರು. ಅದನ್ನು ಬಾಯಿಗೆ ಹಾಕಿಕೊಂಡು ಮಾಶೀಮಾ ಕಣ್ಣರಳಿಸಿ ಏನೋ ಕೇಳಿದರು. “ಇದರಲ್ಲಿ ಏನೇನು ಹಾಕಿದೀಯ ಅಂತ ಕೇಳ್ತಾರೆ ಅಜ್ಜಿ” ಎಂದು ಹುಡುಗ ನಿಂತ.

ಅಲ್ಲಿಗೆ ಅವನಿಗೆ ಉದ್ಯೋಗ ಸಿಕ್ಕಿತು. ಕೊಬ್ಬರಿಗೆ ಬಂಗಾಳಿ ಅವನಿಗೆ ಗೊತ್ತಿತ್ತು, ಹುಣಿಸೆಹಣ್ಣಿಗೂ ಗೊತ್ತಿತ್ತು. ಆದರೆ ಅಜ್ಜಿ ಹೇಳಿದ ‘ಹುರಿಗಡಲೆ’, ‘ಒಗ್ಗರಣೆ’, ‘ಬ್ಯಾಡಗಿ’ ಎಂಬ ಕನ್ನಡವೇ ಅವನಿಗೆ ಅರ್ಥವಾಗಲಿಲ್ಲ. ಕೇಳಿ ಕೇಳಿ ತಿಳಿದುಕೊಂಡು, ಅಲ್ಲಿಂದ ಬಂಗಾಳಿಗೆ ತಿರುಗಿಸಬೇಕಾಯಿತು. ಎರಡು ವರ್ಷದಲ್ಲಿ ನಾವು ಗದರಿಸಿ ಕಲಿಸಲಾರದೆ ಹೋದ ಕನ್ನಡವನ್ನು ಆ ಮಧ್ಯಾಹ್ನ ಅವನು ತಾನಾಗಿ ಕೇಳಿ ಪಡೆದ.

ಇನ್ನೊಂದು ಸಂಗತಿ ಊಟದ ಹೊತ್ತಿಗೆ ತಿಳಿಯಿತು. ಹಡಗಿನ ದಿನಚರಿಯೆಲ್ಲ ಧ್ವನಿವರ್ಧಕದಿಂದ ನಡೆಯುತ್ತದೆ: ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಚಹಾ, ರಾತ್ರಿ ಬೇಗನೆ ಊಟ. ಚೀಟಿ ಹಿಡಿದು ಸಾಲಿನಲ್ಲಿ ನಿಂತರೆ ತಟ್ಟೆಗೆ ಅನ್ನ, ಬೇಳೆ, ಆಲೂಗಡ್ಡೆಯ ಪಲ್ಯ, ಮೀನಿನ ಸಾರು. ಮೀನಿನ ವಾಸನೆಗೆ ಅಮ್ಮ ಸೆರಗು ಮೂಗಿಗೆ ಹಿಡಿದರು. ನೋಡಿದರೆ ಮಾಶೀಮಾ ಸಹ ಮೀನನ್ನು ಬೇಡವೆಂದರು! ಬಂಗಾಳದ ಹಳೆಯ ಮನೆತನಗಳಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸರು ಮೀನು, ಈರುಳ್ಳಿ ಬಿಡುವ ಪದ್ಧತಿಯುಂಟು. ಅವರು ಬಿಟ್ಟು ಹದಿನೈದು ವರ್ಷವಾಗಿತ್ತಂತೆ. ಇದನ್ನು ಹುಡುಗ ತನಗೆ ತಿಳಿದಂತೆ ಹೇಳಿದಾಗ ಅಮ್ಮ ಏನೂ ಮಾತಾಡಲಿಲ್ಲ. ತಮ್ಮ ತಟ್ಟೆಯನ್ನು ಎತ್ತಿಕೊಂಡು ಹೋಗಿ ಅವರ ಪಕ್ಕದಲ್ಲಿ ಕುಳಿತರು.

ಸಂಜೆಗೆ ಸಾಗರ ದ್ವೀಪದ ದೀಪ ಕಂಡಿತು. ಗಂಗೆ ಸಮುದ್ರ ಸೇರುವ, ಸಂಕ್ರಾಂತಿಗೆ ಲಕ್ಷಾಂತರ ಜನ ಮೀಯುವ ಗಂಗಾಸಾಗರ. ಇಬ್ಬರು ಅಜ್ಜಿಯರೂ ಕೈ ಮುಗಿದರು. ಸ್ವಲ್ಪ ಹೊತ್ತಿಗೆ ಎಲ್ಲರ ಮೊಬೈಲುಗಳೂ ಒಂದೊಂದಾಗಿ ಮೂಕವಾದವು. ಹಜಾರದಲ್ಲಿ ಆಗ ಎದ್ದ ಮಾತಿನ ಗದ್ದಲವನ್ನು ಹೇಳತೀರದು. ತಲೆ ತಗ್ಗಿಸಿದ್ದವರೆಲ್ಲ ತಲೆ ಎತ್ತಿ ಪಕ್ಕದವರನ್ನು “ನೀವು ಯಾವ ಊರಿನವರು?” ಎಂದು ಕೇಳತೊಡಗಿದರು.

ಆ ರಾತ್ರಿ ಸಮುದ್ರ ತನ್ನ ಗುಣ ತೋರಿಸಿತು. ಹಡಗು ಮುಂದಕ್ಕೂ ಹಿಂದಕ್ಕೂ ತೂಗಿ, ಅಷ್ಟು ಸಾಲದೆಂಬಂತೆ ಪಕ್ಕಕ್ಕೂ ಹೊರಳುತ್ತಿತ್ತು. ಕಣ್ಣು ‘ಗೋಡೆ ನಿಂತಿದೆ’ ಎನ್ನುತ್ತದೆ. ಒಳಗಿವಿ ‘ಇಲ್ಲ, ನೆಲ ಕದಲುತ್ತಿದೆ’ ಎನ್ನುತ್ತದೆ. ಈ ಜಗಳದಲ್ಲಿ ಶಿಕ್ಷೆ ಹೊಟ್ಟೆಗೆ. ಕಡಲಬೇನೆ ಎಂಬುದು ಇದೇ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆಯೆಂದು ನಾವು ಓದಿದ್ದೆವು. ಬಂಕಿನಲ್ಲಿ ಇದ್ದದ್ದೇ ಪುಣ್ಯವೆಂದುಕೊಂಡಿದ್ದೆವು. ಆ ಪುಣ್ಯ ಸಾಲಲಿಲ್ಲ. ನಾವಿಬ್ಬರೂ ಹುಡುಗನೂ ಬೆಳಗಾಗುವಷ್ಟರಲ್ಲಿ ಬಾಡಿದ ಸೊಪ್ಪಿನಂತೆ ಬಿದ್ದಿದ್ದೆವು. ಹಜಾರದ ಅರ್ಧ ಜನರ ಗತಿಯೂ ಅದೇ.

ಏನೂ ಆಗದೆ ಓಡಾಡುತ್ತಿದ್ದವರು ಅಮ್ಮ ಮತ್ತು ಮಾಶೀಮಾ. ಒಬ್ಬರು ಚಿಕ್ಕಂದಿನಿಂದ ಕಡಲು ಕಂಡವರು. ಇನ್ನೊಬ್ಬರು ಕೆರೆಯನ್ನು ಬಿಟ್ಟು ಬೇರೆ ನೀರು ಕಾಣದವರು. ಅಮ್ಮನಿಗೆ ಏಕೆ ಏನೂ ಆಗಲಿಲ್ಲವೋ ದೇವರೇ ಬಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತ ಅವರನ್ನು ನಾವು ಕಲ್ಕತ್ತೆಯಲ್ಲಿ ಕಂಡೇ ಇರಲಿಲ್ಲ. ದುಭಾಷಿಯೂ ಮಲಗಿದ್ದುದರಿಂದ ಇಬ್ಬರಿಗೂ ಕೈಸನ್ನೆಯೇ ಭಾಷೆ. ಮೇಲೆ ಕ್ಯಾಂಟೀನಿಗೆ ಹೋಗಿ, ಅಡುಗೆಯವರಿಗೆ ಏನು ಹೇಳಿದರೋ, ಮೆತ್ತಗೆ ಬೆಂದ ಅನ್ನವನ್ನು ನೀರು ಸಹಿತ ಒಂದು ಪಾತ್ರೆ ತುಂಬ ತಂದರು. ಉಪ್ಪು ಹಾಕಿ, ಮನೆಯಿಂದ ತಂದ ನಿಂಬೆಯ ಉಪ್ಪಿನಕಾಯಿಯ ರಸ ಬೆರೆಸಿ ಗಂಜಿ ಕಲಸಿದರು. ಮೊದಲು ಹುಡುಗನಿಗೆ, ಆಮೇಲೆ ನಮಗೆ, ಆಮೇಲೆ ಎಡಬಲದ ಹಲಗೆಯವರಿಗೆ. ತಮಿಳು ಮಾತಾಡುವ ಬಸುರಿ ಹೆಂಗಸೊಬ್ಬಳಿಗೆ ಚಮಚದಿಂದ ಕುಡಿಸಿದರು. ಮಾಶೀಮಾ ಶುಂಠಿ ಚೂರು ಹಂಚುತ್ತ ಹಿಂದೆ ಬಂದರು. “ಅಜ್ಜಿ, ಜೋಲ್” ಎಂದು ಹುಡುಗ ನರಳಿದರೆ, “ನೀರು ಅನ್ನು, ಕೊಡ್ತೀನಿ” ಎಂದು ಅಮ್ಮ ಗದರಿದ್ದು ಕೇಳಿಸಿತು. ಅವನು “ನೀರು” ಎಂದ.

ನಾವು ಮಲಗಿದ್ದಲ್ಲಿಂದಲೇ ಅವರನ್ನು ನೋಡುತ್ತಿದ್ದೆವು. ಎರಡು ವರ್ಷ ನಾವು ಅವರಿಗೆ ಎಲ್ಲವನ್ನೂ ಮಾಡಿದ್ದೆವು. ಮಾಡಲು ಒಂದು ಕೆಲಸವನ್ನು ಮಾತ್ರ ಕೊಟ್ಟಿರಲಿಲ್ಲ. ಇದು ತಿಳಿಯಲು ನಾವು ಕಾಯಿಲೆ ಬೀಳಬೇಕಾಯಿತು.

ಮೂರನೆಯ ದಿನ ಸಮುದ್ರ ಶಾಂತವಾಯಿತು; ನಾವೂ ಎದ್ದು ಮೇಲಟ್ಟಕ್ಕೆ ಬಂದೆವು. ಹೂಗ್ಲಿಯ ಕೆಂಪು ಮಣ್ಣುನೀರು ಎಲ್ಲಿಯೋ ಮುಗಿದು, ಹಸಿರು ಕಳೆದು, ಈಗ ಶಾಯಿಯಂಥ ಕಡುನೀಲಿ. ಹಾರುಮೀನುಗಳು ನೀರಿನಿಂದ ಚಿಮ್ಮಿ ಬೆಳ್ಳಿಯ ಚೂರುಗಳಂತೆ ಹಾರಿ ಮತ್ತೆ ಬೀಳುತ್ತಿದ್ದವು. ಗೋಕಾಕರು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗಿಬಂದು ‘ಸಮುದ್ರ ಗೀತೆಗಳು’ ಬರೆದದ್ದು ನೆನಪಾಯಿತು. ನಮಗೆ ಗೀತೆ ಹೊಳೆಯಲಿಲ್ಲ. ಹಸಿವು ಮಾತ್ರ ಆಯಿತು. ಅಪಾಯಕಾಲದ ಅಭ್ಯಾಸಕ್ಕೆಂದು ಏಳು ಸಣ್ಣ ಕೂಗು, ಒಂದು ದೀರ್ಘ ಕೂಗು ಹಾಕಿ ಎಲ್ಲರನ್ನೂ ಮೇಲೆ ಕರೆದರು. ಕಿತ್ತಲೆ ಬಣ್ಣದ ತೇಲಂಗಿ ತೊಟ್ಟು ಇಬ್ಬರು ಅಜ್ಜಿಯರೂ ಒಬ್ಬರನ್ನೊಬ್ಬರು ನೋಡಿ ನಕ್ಕದ್ದೇ ನಕ್ಕದ್ದು.

ಈಗ ಲೋಕದಲ್ಲಿ ವಿಹಾರಕ್ಕೆಂದೇ ಕಟ್ಟಿದ ಮಹಾನೌಕೆಗಳಿವೆ. 2024ರ ಜನವರಿಯಲ್ಲಿ ಮೊದಲ ಯಾನ ಹೊರಟ ‘ಐಕಾನ್ ಆಫ್ ದಿ ಸೀಸ್’ 365 ಮೀಟರ್ ಉದ್ದ, 20 ಅಂತಸ್ತು. ಅದರ ಮೇಲೆ ಏಳು ಈಜುಕೊಳಗಳಿವೆಯಂತೆ. ಸಮುದ್ರದ ಮೇಲೆ ಹೋಗುತ್ತ ಕೊಳದಲ್ಲಿ ಈಜುವುದು ದೊಡ್ಡವರ ಸುಖ. ನಮ್ಮ ಹಡಗು ಅದರ ಅರ್ಧವೂ ಇರಲಿಲ್ಲ. ನಮ್ಮಲ್ಲಿದ್ದ ವಿನೋದವೆಂದರೆ ಇಸ್ಪೀಟು, ಸಿನೆಮಾ ತೋರಿಸುವ ಒಂದು ಕೋಣೆ, ಮೇಲಟ್ಟದಲ್ಲಿ ಸಂಜೆಯ ಹಾಡು. ಅಲ್ಲಿನವರು ಊರು ಮರೆಯಲು ಹಡಗು ಹತ್ತುತ್ತಾರೆ. ನಮ್ಮ ಬಂಕಿನವರು ಊರು ಸೇರಲು ಹತ್ತಿದ್ದರು.

ಮಾಶೀಮಾ ತಮ್ಮ ಕಥೆಯನ್ನು ಹೇಳಿದ್ದು ಆ ಸಂಜೆ. ದೇಶ ಹೋಳಾದ ಮೇಲೆ ಪೂರ್ವ ಬಂಗಾಳದ ಬರಿಸಾಲದಿಂದ ಓಡಿಬಂದ ತಂದೆತಾಯಿ ಕಲ್ಕತ್ತೆಯ ಬಳಿ ನಿರಾಶ್ರಿತರ ಶಿಬಿರದಲ್ಲಿದ್ದರು. ಅಂಥವರನ್ನು ಸರ್ಕಾರ 1949ರಿಂದ ಹಡಗಿನಲ್ಲಿ ಅಂಡಮಾನಿಗೆ ಕಳುಹಿಸಿ ಭೂಮಿ ಕೊಡತೊಡಗಿತು. ಹಿಂದೆ ಕ್ರಾಂತಿಕಾರಿಗಳನ್ನು ಕಾಲಾಪಾನಿಯ ಶಿಕ್ಷೆಗೆ ಒಯ್ದ ‘ಮಹಾರಾಜ’ ಎಂಬ ಹೆಸರಿನ ಹಡಗೇ ಈ ನಿರಾಶ್ರಿತರನ್ನೂ ಒಯ್ದದ್ದುಂಟು. ಮಾಶೀಮಾ ಹೋಗುವಾಗ ನಾಲ್ಕೈದು ವರ್ಷದ ಕೂಸು. ಕಾಡು ಕಡಿದು ಗದ್ದೆ ಮಾಡಿದ್ದು, ಮೊದಲ ಭತ್ತ ಬೆಳೆದದ್ದು, ಎಲ್ಲ ಅವರ ಕಣ್ಣೆದುರಿಗೆ. ಈಗ ಕಲ್ಕತ್ತೆಯಲ್ಲಿ ಕಣ್ಣಿನ ಚಿಕಿತ್ಸೆ ಮುಗಿಸಿ ಹಿಂತಿರುಗುತ್ತಿದ್ದರು. 2011ರ ಜನಗಣತಿಯ ಪ್ರಕಾರ ಅಂಡಮಾನಿನಲ್ಲಿ ಅತಿ ಹೆಚ್ಚು ಜನರ ಮನೆಮಾತು ಬಂಗಾಳಿಯೇ. ಆದರೂ ಮಾಶೀಮಾ ನಗುತ್ತ ಹೇಳಿದರು: “ಕಲ್ಕತ್ತೆಯವರು ನನ್ನ ಮಾತು ಕೇಳಿ ‘ಇದು ಯಾವ ಊರಿನ ಬಂಗಾಳಿ’ ಅನ್ನುತ್ತಾರೆ. ನನ್ನಮ್ಮ ಗಂಟಿನಲ್ಲಿ ಕಟ್ಟಿಕೊಂಡು ಬಂದದ್ದು ಇದೊಂದೇ. ಇದನ್ನೂ ಬಿಟ್ಟರೆ ಅವಳದು ಅಂತ ಏನಿದೆ?” ಹುಡುಗ ಇದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವಾಗ ಎರಡು ಸಲ ತಡವರಿಸಿದ. ನಾವು ಸಹಾಯಕ್ಕೆ ಹೋಗಲಿಲ್ಲ. ಪೂರ್ತಿ ಹೇಳಿ ಮುಗಿಸಿದ.

ನಾಲ್ಕನೆಯ ದಿನ ಐದೂವರೆಗೇ ಬೆಳಕಾಯಿತು. ದಿಗಂತದಲ್ಲಿ ಮೋಡವೆಂದುಕೊಂಡದ್ದು ಕಾಡು ತುಂಬಿದ ಬೆಟ್ಟವಾಯಿತು. ಹಡ್ಡೋ ಧಕ್ಕೆಗೆ ಹಡಗು ತಾಗಿತು. ಇಂದು ಶ್ರೀ ವಿಜಯಪುರವೆಂಬ ಹೆಸರಿರುವ ಊರು ಆಗ ಪೋರ್ಟ್ ಬ್ಲೇರ್. ಹೆಸರು ಬದಲಾದದ್ದು 2024ರಲ್ಲಿ. ಅಲ್ಲಿ ಕಂಡ ಸೆಲ್ಯುಲರ್ ಜೈಲು ಮೊದಲಾದವುಗಳ ವಿಷಯ ಇನ್ನೊಮ್ಮೆ ಬರೆಯಬಹುದು.

ಮಾಶೀಮಾ ಅವರನ್ನು ಕರೆದೊಯ್ಯಲು ಮಗ ಬಂದಿದ್ದ. ಉಳಿದ ಬೆಲ್ಲದಲ್ಲಿ ಅರ್ಧವನ್ನು ಅಮ್ಮನ ಗಂಟಿಗೆ ತುರುಕಿ, ಕೈ ಹಿಡಿದು “ಆಶಿ” ಎಂದರು. ಹುಡುಗ ಬಾಯಿ ತೆರೆಯುವ ಮೊದಲೇ ಅಮ್ಮ, “ಗೊತ್ತಾಯ್ತು ಬಿಡೋ. ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು. ನಮ್ಮಲ್ಲೂ ಹಂಗೇ ಅಲ್ವೇ” ಎಂದರು.

ಕಡಲಯಾನ ಮಾಡಬೇಕೆನ್ನುವ ನಮ್ಮವರಿಗೆ ಒಂದೆರಡು ಮಾತು. ಹಡಗಿನ ವೇಳೆ ನೀರಿಗೂ ಗಾಳಿಗೂ ಅಧೀನ. ಹಿಂದೆ ಮುಂದೆ ಎರಡು ದಿನ ಬಿಡುವು ಇರಿಸಿಕೊಳ್ಳಿ. ವೇಳಾಪಟ್ಟಿಯನ್ನು ಹೊಸದಾಗಿ ವಿಚಾರಿಸಿಯೇ ಹೊರಡಿ. ಹೊದಿಕೆ, ಶುಂಠಿ, ಉಪ್ಪಿನಕಾಯಿ, ಅವಲಕ್ಕಿ ಮರೆಯಬೇಡಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.

ಅಮ್ಮ ಮರುವರ್ಷ ಬೇಸಿಗೆಯಲ್ಲಿ ಊರಿಗೆ ಹೋದರು. ನಾವು ಬಿಟ್ಟುಬರುವುದೆಂದು ಅಂದುಕೊಂಡಿದ್ದ ಮಾತನ್ನು ಎತ್ತಲಿಲ್ಲ. ಮಳೆಗಾಲಕ್ಕೆ ಮುಂಚೆ ಅವರೇ ಟಿಕೆಟ್ ತೆಗೆಸಿಕೊಂಡು ಬಂದರು. ಈಗ ಲೇಕ್ ಮಾರ್ಕೆಟ್ಟಿಗೆ ಮೊಮ್ಮಗನನ್ನು ಕರೆದುಕೊಂಡು ಅವರೇ ಹೋಗುತ್ತಾರೆ. ಅವರ ಬಂಗಾಳಿ ಇಂದಿಗೂ ಹಡಗಿನಲ್ಲಿ ಕಲಿತ ನಾಲ್ಕೇ ಮಾತು: ಭಾತ್, ನೂನ್, ಜೋಲ್, ‘ಆರ್ ಏಕ್ಟು’, ಎಂದರೆ ಇನ್ನೂ ಸ್ವಲ್ಪ. ನಿಂಬೆಹಣ್ಣಿನವನ ಹತ್ತಿರ ಕೊನೆಯ ಮಾತೊಂದರಿಂದಲೇ ಎಲ್ಲ ವ್ಯಾಪಾರ ಮುಗಿಸುತ್ತಾರೆ. ಹೊರಡುವಾಗ ಅವನಿಗೂ ‘ಬರ್ತೀನಪ್ಪ’ ಎಂದೇ ಹೇಳಿ ಬರುತ್ತಾರೆ.